ಜೀವಚರಿತ್ರೆಯಲ್ಲೊಂದು ಧರ್ಮಸಂಕಟ

ಕಳೆದ ಶ್ರಾವಣಮಾಸದಲ್ಲಿ ನಮ್ಮ ಸಂಘದ ವಾಚನಗೋಷ್ಠಿಗೆ ಮಂಜಮ್ಮ ಜೋಗತಿಯವರ ಆತ್ಮಕಥನವಾದ ‘ನಡುವೆ ಸುಳಿವ ಹೆಣ್ಣು’ ಎಂಬ ಗ್ರಂಥವನ್ನು ಆರಿಸಿಕೊಂಡಿದ್ದೆವು. ಎರಡು ಸಂಜೆ ಓದು ನಡೆಯಿತು. ಓದು ಮುಗಿದಾಗ ಸಭೆಯಲ್ಲಿ ಸ್ವಲ್ಪ ಹೊತ್ತು ಮೌನವಿದ್ದಿತು. ಬಳಿಕ ನಾಲ್ಕು ದಶಕಗಳ ಕಾಲ ವ್ಯಾಕರಣವನ್ನು ಪಾಠ ಹೇಳಿದ ಹಿರಿಯರೊಬ್ಬರು ಎದ್ದು ಹೀಗೆಂದರು: “ಪುಸ್ತಕವು ಮನಸ್ಸನ್ನು ಕಲಕಿತು; ಅದರಲ್ಲಿ ಸಂದೇಹವಿಲ್ಲ. ಆದರೆ ನನಗೊಂದು ತೊಡಕು. ಹುಟ್ಟಿದಾಗ ಗಂಡೆಂದು ಎಣಿಸಲ್ಪಟ್ಟು, ಮುಂದೆ ಹೆಣ್ಣಾಗಿ ಬಾಳಿದ ಒಬ್ಬರ ಚರಿತ್ರೆಯನ್ನು ನಾಳೆ ನಾನು ಬರೆಯಬೇಕಾಗಿ ಬಂದರೆ, ಅವರ ಬಾಲ್ಯದ ವಿಷಯದಲ್ಲಿ ‘ಶಾಲೆಗೆ ಹೋದನು’ ಎಂದು ಬರೆಯಲೋ, ‘ಹೋದಳು’ ಎಂದು ಬರೆಯಲೋ? ಮೊದಲನೆಯದು ಆ ವ್ಯಕ್ತಿಗೆ ಮಾಡಿದ ನೋವು. ಎರಡನೆಯದು ನಡೆದ ಸಂಗತಿಗೆ ಮಾಡಿದ ಅಪಚಾರ. ಯಾವ ಪಾಪವನ್ನು ಕಟ್ಟಿಕೊಳ್ಳಲಿ?”

ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ಆ ಪ್ರಶ್ನೆಗೆ ನಾನು ಹಿಂದೊಮ್ಮೆ, ಪ್ರಶ್ನೆಯೆಂಬುದೇ ಅರಿಯದೆ, ಉತ್ತರ ಬರೆದವನು. ಹಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಜಾತ್ರೆಯ ಸ್ಮರಣಸಂಚಿಕೆಗೆ ಚೌಡಿಕೆಯ ಪದಗಳ ಮೇಲೆ ಒಂದು ಲೇಖನವನ್ನು ಬರೆದೆನು. ಅದಕ್ಕಾಗಿ ಎಲ್ಲಮ್ಮನ ಪದಗಳನ್ನು ಹಾಡುವ ವೃದ್ಧ ಜೋಗತಿಯೊಬ್ಬರ ಮನೆಗೆ ಮೂರು ಸಲ ಹೋಗಿ, ಅವರ ಬಾಯಿಂದಲೇ ಅವರ ಬಾಳಿನ ವೃತ್ತಾಂತವನ್ನೂ ಕೇಳಿ ಬರೆದುಕೊಂಡೆನು. ಅಚ್ಚಾದ ಲೇಖನದಲ್ಲಿ ಮೊದಲಿಂದ ಕೊನೆಯವರೆಗೆ ‘ಅವನು’ ಎಂದೇ ಇದ್ದಿತು. ತಂದೆತಾಯಿಗಳು ಇಟ್ಟ ಹೆಸರೂ ಇದ್ದಿತು. ಪ್ರತಿಯೊಂದನ್ನು ಕೊಡಲು ಹೋದಾಗ, ಅವರು ಪಕ್ಕದ ಮನೆಯ ಹುಡುಗಿಯಿಂದ ಓದಿಸಿ ಕೇಳಿದರು. ಪೂರ್ತಿ ಕೇಳಿದ ಮೇಲೆ “ಇದು ಯಾರ ಕತೀರಿ, ಮಾಸ್ತರ?” ಎಂದರು. ಕೋಪದಿಂದ ಹೇಳಿದ ಮಾತಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಂತಿದ್ದಿತು. ಒಂದೇ ಒಂದು ಸಂಗತಿಯೂ ಸುಳ್ಳಲ್ಲದ ಆ ಲೇಖನದಲ್ಲಿ ಅವರು ತಮ್ಮನ್ನು ಕಾಣಲಾರದೆ ಹೋದರು. ಸಂಗತಿಗಳೆಲ್ಲ ನಿಜವಾಗಿದ್ದೂ ಚರಿತ್ರೆಯು ಸುಳ್ಳಾಗುವುದು ಹೇಗೆ ಸಾಧ್ಯ? ಈ ಲೇಖನವು ಆ ಪ್ರಶ್ನೆಯ ವಿಚಾರ.

ಮೊದಲು ನಮ್ಮ ಭಾಷೆಯನ್ನೇ ಕೇಳೋಣ. ಸಂಸ್ಕೃತದಲ್ಲಿ ಲಿಂಗವು ಶಬ್ದಕ್ಕೆ ಅಂಟಿದುದು. ಹೆಂಡತಿಯೆಂಬ ಅರ್ಥವುಳ್ಳ ‘ದಾರಾ’ ಶಬ್ದವು ಪುಲ್ಲಿಂಗ, ‘ಕಲತ್ರ’ ಶಬ್ದವು ನಪುಂಸಕ. ಕನ್ನಡದಲ್ಲಿ ಹಾಗಿಲ್ಲ, ಇಲ್ಲಿ ಲಿಂಗವು ಅರ್ಥವನ್ನು ಅನುಸರಿಸುವುದು. ಆದುದರಿಂದ ಕನ್ನಡದಲ್ಲಿ ಒಬ್ಬರ ವಿಷಯವಾಗಿ ‘ಬಂದನು’ ಅಥವಾ ‘ಬಂದಳು’ ಎನ್ನುವಾಗ ನಾವು ಶಬ್ದದ ರೂಪವನ್ನು ಮಾತ್ರ ಆರಿಸುವುದಿಲ್ಲ, ಎದುರಿನ ವ್ಯಕ್ತಿಯ ವಿಷಯದಲ್ಲಿ ಒಂದು ತೀರ್ಪನ್ನೇ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಈ ತೀರ್ಪು ಸರ್ವನಾಮದಲ್ಲಿ ಮಾತ್ರ ಉಂಟು. ಕನ್ನಡದಲ್ಲಿ ಅದು ಕ್ರಿಯಾಪದದ ಬಾಲಕ್ಕೂ ತಗುಲಿಕೊಂಡಿದೆ. ಉಂಡನು, ಮಲಗಿದನು, ಅತ್ತನು. ಒಂದೊಂದು ವಾಕ್ಯದ ಕೊನೆಯಲ್ಲಿಯೂ ತೀರ್ಪು.

ಆದರೆ ಅದೇ ಕನ್ನಡದಲ್ಲಿ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ‘ನಾನು ಬಂದೆನು’ ಎಂಬಲ್ಲಿ ಗಂಡುಹೆಣ್ಣುಗಳ ಭೇದವಿಲ್ಲ. ಹಿಂದಿಯಲ್ಲಿ ತನ್ನ ವಿಷಯವನ್ನು ತಾನೇ ಹೇಳಿಕೊಳ್ಳುವಾಗಲೂ ಗಂಡಸಿಗೊಂದು ರೂಪ, ಹೆಂಗಸಿಗೊಂದು ರೂಪ. ಕನ್ನಡಿಗನಿಗೆ ಆ ಬಂಧನವಿಲ್ಲ. ‘ನೀನು ಬಂದೆ’ ಎಂಬಲ್ಲಿಯೂ ಭೇದವಿಲ್ಲ. ಎಂದರೆ, ತನ್ನನ್ನು ತಾನು ನುಡಿದುಕೊಳ್ಳುವವರೆಗೂ, ಎದುರು ಕುಳಿತು ಒಬ್ಬರೊಡನೊಬ್ಬರು ಮಾತಾಡುವವರೆಗೂ, ನಮ್ಮ ಭಾಷೆಯು ಯಾರನ್ನೂ ಗಂಡೆಂದೋ ಹೆಣ್ಣೆಂದೋ ವಿಂಗಡಿಸುವುದಿಲ್ಲ. ಆ ವ್ಯಕ್ತಿ ಎದ್ದು ಹೋದ ಬಳಿಕ, ಅಲ್ಲಿಲ್ಲದವರ ಕುರಿತು ನಾವು ನಾವೇ ಮಾತಾಡಿಕೊಳ್ಳತೊಡಗಿದಾಗ, ಆಗ ವಿಂಗಡಣೆ ಹುಟ್ಟುವುದು. ಆತ್ಮಕಥೆಯು ಉತ್ತಮಪುರುಷದ ಗ್ರಂಥ. ಜೀವಚರಿತ್ರೆಯು ಪ್ರಥಮಪುರುಷದ ಗ್ರಂಥ. ಹಿರಿಯರು ಎತ್ತಿದ ತೊಡಕು ಮೊದಲನೆಯದರಲ್ಲಿ ಹುಟ್ಟುವುದೇ ಇಲ್ಲ; ಎರಡನೆಯದರಲ್ಲಿ ತಪ್ಪುವುದೇ ಇಲ್ಲ.

ಇನ್ನೊಂದು ದಾರಿಯನ್ನೂ ಭಾಷೆಯೇ ತೋರಿಸಿದೆ. ‘ಅವರು ಬಂದರು’ ಎಂಬಲ್ಲಿ ಭೇದ ಅಳಿಯುತ್ತದೆ. ಗೌರವವು ಬಂದ ಕಡೆ ಲಿಂಗದ ಪ್ರಶ್ನೆ ತಾನಾಗಿ ಹಿಂದೆ ಸರಿಯುತ್ತದೆ. ಈ ಲೇಖನದಲ್ಲಿ ನಾನು ಎಲ್ಲರಿಗೂ ಬಹುವಚನವನ್ನೇ ಬಳಸುವೆನು. ಇಷ್ಟರಿಂದಲೇ ಧರ್ಮಸಂಕಟ ಪರಿಹಾರವಾಯಿತೆಂದು ಮಾತ್ರ ಹೇಳಲಾರೆ. ಬಹುವಚನವು ಒಳ್ಳೆಯ ನಡೆವಳಿಕೆ; ಅದು ವಿಚಾರಕ್ಕೆ ಬದಲಿಯಾಗದು.

ಪೂರ್ವಪಕ್ಷವನ್ನು ಅದರ ಪೂರ್ಣಬಲದಲ್ಲಿ ಹೇಳಬೇಕು. ಚರಿತ್ರೆಕಾರನು ಸತ್ಯಕ್ಕೆ ಋಣಿ. ಚರಿತ್ರನಾಯಕನ ಇಷ್ಟಕ್ಕೆ ಋಣಿಯಲ್ಲ. ನಾಯಕನು ಒಪ್ಪುವುದನ್ನು ಮಾತ್ರ ಬರೆದರೆ ಅದು ಚರಿತ್ರೆಯಾಗದೆ ಸ್ತೋತ್ರವಾಗುವುದು. ರಾಜರ ಶಾಸನಗಳಲ್ಲಿ ಸೋತ ಯುದ್ಧಗಳು ಕಾಣುವುದಿಲ್ಲ. ಅದಕ್ಕಾಗಿಯೇ ನಾವು ಶಾಸನವನ್ನು ಬೇರೆ ಆಧಾರಗಳೊಡನೆ ತೂಗಿ ನೋಡುತ್ತೇವೆ. ತನ್ನ ವಿಷಯದಲ್ಲಿ ತಾನಾಡುವ ಮಾತನ್ನು ಪ್ರಮಾಣವೆಂದು ಒಪ್ಪಿಬಿಟ್ಟರೆ ವಿಮರ್ಶೆಗೆ ಎಡೆಯೆಲ್ಲಿ? ಮೇಲಾಗಿ, ಒಬ್ಬರು ಮುಚ್ಚಿಟ್ಟುದನ್ನು ತೆರೆಯದಿದ್ದರೆ, ಅಂಥ ಬಾಳನ್ನೇ ಬಾಳುತ್ತಿರುವ ಮುಂದಿನವರಿಗೆ ‘ನಮಗಿಂತ ಮೊದಲೂ ನಮ್ಮಂಥವರಿದ್ದರು’ ಎಂಬ ಧೈರ್ಯವೂ ದೊರೆಯದು. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಇದನ್ನು ಎರಡು ಬಾಳುಗಳ ಮೇಲಿಟ್ಟು ಪರೀಕ್ಷಿಸೋಣ.

ಜೇಮ್ಸ್ ಬ್ಯಾರಿ ಎಂಬ ವೈದ್ಯರು ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ ಹುಟ್ಟಿದವರು. 1812ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ವೈದ್ಯಪದವಿಯನ್ನು ಪಡೆದು ಬ್ರಿಟಿಷ್ ಸೈನ್ಯದ ವೈದ್ಯರಾದರು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಇದ್ದಾಗ ಕುಡಿಯುವ ನೀರು, ಸೆರೆಮನೆ, ಕುಷ್ಠರೋಗಿಗಳ ಆಶ್ರಯ ಇವುಗಳ ಸುಧಾರಣೆಗಾಗಿ ಅಧಿಕಾರಿಗಳೊಡನೆ ಜಗಳವಾಡಿದರು. ಮದ್ದುಮಾರುವವರ ವಂಚನೆಯನ್ನು ತಡೆಯಲು ಹೊರಟು ಹಗೆಗಳನ್ನೂ ಸಂಪಾದಿಸಿದರು. 1826ರಲ್ಲಿ ಅಲ್ಲಿ ಹೊಟ್ಟೆಯನ್ನು ಕೊಯ್ದು ಹೆರಿಗೆ ಮಾಡಿಸಿದರು. ತಾಯಿಮಗು ಇಬ್ಬರೂ ಉಳಿದರು. ಅರಿವಳಿಕೆಯೇ ಇಲ್ಲದ ಆ ಕಾಲದಲ್ಲಿ ಇದು ಬಹು ದೊಡ್ಡ ಸಾಹಸ. ಆ ಮಗುವಿಗೆ ವೈದ್ಯರ ಹೆಸರನ್ನೇ ಇಟ್ಟರು. ಕೊನೆಗೆ ಬ್ಯಾರಿಯವರು ಸೈನ್ಯದ ಆಸ್ಪತ್ರೆಗಳ ಇನ್ಸ್‌ಪೆಕ್ಟರ್ ಜನರಲ್ ಎಂಬ ಹುದ್ದೆಗೇರಿ ನಿವೃತ್ತರಾಗಿ, 1865ರ ಜುಲೈ 25ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಶವವನ್ನು ಸಜ್ಜುಗೊಳಿಸಿದ ಕೆಲಸದ ಹೆಂಗಸು, ಅದು ಹೆಣ್ಣಿನ ದೇಹವೆಂದು ಹೊರಗೆ ಹೇಳಿದಳು. ಮರಣಪತ್ರವನ್ನು ಬರೆದ ವೈದ್ಯರಾದ ಮೇಜರ್ ಮೆಕಿನನ್ ಎಂಬವರಿಗೆ ಜನನಮರಣಗಳ ದಾಖಲೆಯ ಮುಖ್ಯಾಧಿಕಾರಿಯು ಪತ್ರ ಬರೆದು ನಿಜವೇನೆಂದು ಕೇಳಿದನು. ಮೆಕಿನನ್ನರು, ಬ್ಯಾರಿಯವರು ತಮಗೆ ಬಹುಕಾಲದ ಪರಿಚಯವೆಂದೂ, ಅವರು ಗಂಡೋ ಹೆಣ್ಣೋ ಎಂಬುದು ತಮಗೆ ಸಂಬಂಧಿಸಿದ ವಿಷಯವಲ್ಲವೆಂದೂ ಆ ಹೆಂಗಸಿಗೆ ಹೇಳಿದುದಾಗಿ ಮರುಪತ್ರದಲ್ಲಿ ತಿಳಿಸಿದರು. ಸತ್ತವರ ಗುರುತನ್ನು ದೃಢಪಡಿಸುವುದು ತಮ್ಮ ಕೆಲಸವಾಗಿದ್ದಿತು, ಅದನ್ನು ಮಾಡಿದ್ದರು. ಅದಕ್ಕಿಂತ ಮುಂದೆ ಹೋಗುವ ಅಗತ್ಯ ಅವರಿಗೆ ಕಾಣಲಿಲ್ಲ.

ಆ ಬಳಿಕ ನೂರೈವತ್ತು ವರ್ಷಗಳಿಂದ ಬ್ಯಾರಿಯವರ ಚರಿತ್ರೆಗಳು ಬರುತ್ತಲೇ ಇವೆ. ವೈದ್ಯಶಾಲೆಗಳ ಬಾಗಿಲು ಹೆಂಗಸರಿಗೆ ಮುಚ್ಚಿದ್ದುದರಿಂದ ಗಂಡುವೇಷ ತೊಟ್ಟ ಧೀರಸ್ತ್ರೀಯೆಂದು ಒಬ್ಬರು. ದೇಹದಲ್ಲಿಯೇ ಎರಡರ ಲಕ್ಷಣಗಳಿದ್ದಿರಬಹುದೆಂದು ಇನ್ನೊಬ್ಬರು. ಗಂಡಾಗಿಯೇ ಬಾಳಬಯಸಿ ಬಾಳಿದವರೆಂದು ಮತ್ತೊಬ್ಬರು. 2016ರಲ್ಲಿ ಬಂದ ದೊಡ್ಡ ಗ್ರಂಥವೊಂದು ಅವರನ್ನು ಕಾಲಕ್ಕಿಂತ ಮುಂದಿದ್ದ ಸ್ತ್ರೀಯೆಂದು ತನ್ನ ಹೆಸರಿನಲ್ಲಿಯೇ ಸಾರಿತು. ಒಂದು ಪಕ್ಷಕ್ಕೆ ಅವರು ಸ್ತ್ರೀವಿದ್ಯಾಭ್ಯಾಸದ ಧ್ವಜ. ಇನ್ನೊಂದಕ್ಕೆ ಬೇರೊಂದು ಧ್ವಜ. ಅವರ ಬಾಲ್ಯದ ಹೆಸರನ್ನೂ ಸಂಶೋಧಕರು ಹಳೆಯ ಕಾಗದಗಳಿಂದ ಹುಡುಕಿ ತೆಗೆದಿದ್ದಾರೆ. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ವಾದಕ್ಕೆ ಅದು ಬೇಕಾಗಿಲ್ಲ. ಬೇಕಾಗಿಲ್ಲದ್ದನ್ನು ಬರೆಯದಿರುವುದೂ ಚರಿತ್ರೆಕಾರನ ಶಿಸ್ತುಗಳಲ್ಲೊಂದಷ್ಟೆ.

ಈ ಉದಾಹರಣೆಯಲ್ಲಿ ಒಂದು ಸಂಗತಿ ಉಂಟು, ಒಂದು ಅರ್ಥವುಂಟು. ಹುಟ್ಟಿದಾಗ ಹೆಣ್ಣೆಂದು ಎಣಿಸಲ್ಪಟ್ಟಿದ್ದರು ಎಂಬುದು ಸಂಗತಿ. ಆಧಾರವಿದ್ದರೆ ಅದನ್ನು ಹೇಳಬಹುದು. ‘ಆದುದರಿಂದ ಅವರು ನಿಜವಾಗಿ ಸ್ತ್ರೀ, ಐವತ್ತಕ್ಕೂ ಮಿಕ್ಕ ವರ್ಷಗಳ ಬಾಳು ವೇಷ’ ಎಂಬುದು ಅರ್ಥ. ಈ ಎರಡನೆಯದನ್ನು ಶವವು ಹೇಳಲಾರದು. ಯುವಕರಾಗಿದ್ದಾಗ ತೊಟ್ಟುದನ್ನು ಸಾಯುವವರೆಗೂ ಬಿಡದೆ, ಒಬ್ಬರೇ ಇದ್ದಾಗಲೂ ಬಿಡದೆ, ನಿವೃತ್ತರಾದ ಮೇಲೂ ಬಿಡದೆ ಬಾಳಿದವರ ಬಾಳನ್ನು ವೇಷವೆಂದರೆ, ವೇಷವಲ್ಲದ ಬಾಳು ಯಾವುದು? ಬೇಕಾದಾಗ ತೊಟ್ಟು ಬೇಡವಾದಾಗ ಕಳಚುವುದು ವೇಷ. ಪೂರ್ವಪಕ್ಷವು ಸಂಗತಿಯ ಹೆಸರಿನಲ್ಲಿ ಅನುಮತಿಯನ್ನು ಕೇಳಿ, ಅರ್ಥವನ್ನು ಒಳಗೆ ಸಾಗಿಸುತ್ತದೆ. ನನ್ನ ಸ್ಮರಣಸಂಚಿಕೆಯ ಲೇಖನದಲ್ಲಿ ಆದುದೂ ಇದೇ. ಸಂಗತಿಗಳು ಆ ಹಾಡುಗಾರ್ತಿಯವು, ಕ್ರಿಯಾಪದ ನನ್ನದು.

ಎರಡನೆಯ ಬಾಳು ನಮ್ಮ ದೇಶದ ಮಣ್ಣಿನಲ್ಲಿ ಮುಗಿದುದು. 1915ರಲ್ಲಿ ಲಂಡನ್ನಿನಲ್ಲಿ, ಜಮೀನ್ದಾರಿ ಬಿರುದುಳ್ಳ ಐರಿಷ್ ಮನೆತನದಲ್ಲಿ ಹುಟ್ಟಿದ ಮೈಕೇಲ್ ಡಿಲನ್ ಎಂಬವರು ಹೆಣ್ಣುಮಗುವೆಂದು ಬೆಳೆಸಲ್ಪಟ್ಟರು, ಆಕ್ಸ್‌ಫರ್ಡಿನಲ್ಲಿ ಓದಿದರು. ತಾವು ಹೆಣ್ಣಲ್ಲವೆಂಬ ದೃಢವಾದ ಅರಿವಿನಿಂದ, ಅದೇ ಆಗ ಬಳಕೆಗೆ ಬರುತ್ತಿದ್ದ ಗಂಡು ಹಾರ್ಮೋನಿನ ಚಿಕಿತ್ಸೆಯನ್ನು ತೆಗೆದುಕೊಂಡರು. ಯುದ್ಧಕಾಲದಲ್ಲಿ ಬ್ರಿಸ್ಟಲಿನ ಮೋಟಾರು ಗ್ಯಾರೇಜೊಂದರಲ್ಲಿ ದುಡಿದರು. ಯುದ್ಧದಲ್ಲಿ ಮುಖ ಸುಟ್ಟವರಿಗೆ ಹೊಸ ಮುಖವನ್ನು ಕೊಟ್ಟು ಪ್ರಸಿದ್ಧರಾದ ಸರ್ ಹೆರಲ್ಡ್ ಗಿಲೀಸ್ ಎಂಬ ಶಸ್ತ್ರವೈದ್ಯರು 1946ರಿಂದ ಮುಂದೆ ಇವರಿಗೆ ಹಲವು ಶಸ್ತ್ರಚಿಕಿತ್ಸೆಗಳನ್ನು ಮಾಡಿದರು. ಅದೇ 1946ರಲ್ಲಿ ಡಿಲನ್ನರು ‘ಸೆಲ್ಫ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಮನಸ್ಸನ್ನು ದೇಹಕ್ಕೆ ಹೊಂದಿಸಲಾಗದಿದ್ದಲ್ಲಿ ದೇಹವನ್ನು ಮನಸ್ಸಿಗೆ ಹೊಂದಿಸುವುದೇ ಯುಕ್ತವೆಂಬುದು ಅದರ ವಾದದ ತಿರುಳು. ಆದರೆ ಆ ಗ್ರಂಥದಲ್ಲೆಲ್ಲಿಯೂ ಅದು ತಮ್ಮದೇ ಬಾಳೆಂದು ಅವರು ಹೇಳಲಿಲ್ಲ. ಡಬ್ಲಿನ್ನಿನಲ್ಲಿ ವೈದ್ಯಪದವಿಯನ್ನು ಪಡೆದು ಹಡಗಿನ ವೈದ್ಯರಾದರು. ನಾಲ್ಕು ಜನರಂತೆ ಸುಮ್ಮನೆ ಬಾಳಬೇಕೆಂಬುದೇ ಅವರ ಆಸೆಯಾಗಿದ್ದಿತು.

1958ರಲ್ಲಿ ಆ ಆಸೆ ಮುರಿಯಿತು. ಇಂಗ್ಲೆಂಡಿನ ಶ್ರೀಮಂತ ಮನೆತನಗಳ ವಂಶಾವಳಿಯನ್ನು ಅಚ್ಚುಹಾಕುವ ಎರಡು ಪ್ರಸಿದ್ಧ ಗ್ರಂಥಗಳಲ್ಲಿ ಒಂದು, ಬಿರುದಿಗೆ ಮುಂದಿನ ಹಕ್ಕುದಾರರು ತಮ್ಮನಾದ ಮೈಕೇಲ್ ಎಂದಿತು. ಇನ್ನೊಂದು ಅಣ್ಣನಿಗೆ ತಂಗಿಯೊಬ್ಬಳೇ ಎಂದಿತು. ಆ ವ್ಯತ್ಯಾಸವನ್ನು ಹಿಡಿದು ಪತ್ರಿಕೆಗಳು ಬೆನ್ನುಹತ್ತಿದವು. ಅಮೇರಿಕದ ಬಂದರಿನಲ್ಲಿ ಹಡಗು ನಿಂತಿದ್ದಾಗಲೇ ವರದಿಗಾರರು ಮುತ್ತಿದರು. ವಾಚಕರು ಇಲ್ಲೊಂದು ವಿಷಯವನ್ನು ಗಮನಿಸಬೇಕು. ಪತ್ರಿಕೆಗಳು ಪ್ರಕಟಿಸಿದ ಸಂಗತಿ ಸುಳ್ಳಾಗಿರಲಿಲ್ಲ. ಆದರೂ ಆ ನಿಜದಿಂದ ಒಬ್ಬ ವೈದ್ಯರು ಕೆಲಸವನ್ನೂ ದೇಶವನ್ನೂ ಬಿಟ್ಟು ಹೋಗಬೇಕಾಯಿತು. ಲೋಕಕ್ಕೆ ಅದರಿಂದ ಯಾವ ಕೇಡು ತಪ್ಪಿತೆಂದು ಕೇಳಿದರೆ ಉತ್ತರವಿಲ್ಲ.

ಡಿಲನ್ನರು ಭಾರತಕ್ಕೆ ಬಂದರು. ಕಾಲಿಂಪಾಂಗ್, ಸಾರನಾಥಗಳಲ್ಲಿದ್ದು ಬೌದ್ಧಧರ್ಮವನ್ನು ಅಭ್ಯಾಸ ಮಾಡಿದರು. ಬುದ್ಧನ ವೈದ್ಯನಾಗಿದ್ದ ಜೀವಕನ ಹೆಸರನ್ನು ತಾವೂ ಧರಿಸಿದರು. ಅಲ್ಲಿಯೂ, ಹುಟ್ಟುದೇಹದ ಮೇಲೆ ಕಣ್ಣಿಟ್ಟ ಹಳೆಯ ವಿನಯನಿಯಮವೊಂದು ಪೂರ್ಣದೀಕ್ಷೆಗೆ ಅಡ್ಡವಾಯಿತು. ತಾವೇ ನಂಬಿ ಹೇಳಿಕೊಂಡಿದ್ದ ಗುಟ್ಟು ತಮಗೇ ಎದುರಾಗಿ ನಿಂತಿತು. ಲಡಾಖಿನ ರಿಜ಼ೊಂಗ್ ಮಠದಲ್ಲಿ ಗೆಟ್ಸುಲ್ ಎಂದರೆ ಶ್ರಾಮಣೇರರಾಗಿ, ಎಲ್ಲರಿಗಿಂತ ಕಿರಿಯರಾದ ಹುಡುಗರ ಸಾಲಿನಲ್ಲಿ ಕುಳಿತು ಬಾಳಿದರು. ಕೊನೆಗೆ ತಮ್ಮ ಬಾಳನ್ನು ತಾವೇ ಬರೆಯಲು ನಿಶ್ಚಯಿಸಿ, 1962ರ ಮೇ ತಿಂಗಳ ಮೊದಲಲ್ಲಿ ಡಾಲ್‌ಹೌಸಿಯಿಂದ ಹಸ್ತಪ್ರತಿಯನ್ನು ಇಂಗ್ಲೆಂಡಿಗೆ ಕಳುಹಿದರು. ಅದೇ ತಿಂಗಳ 15ರಂದು ಅಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು ನಲವತ್ತೇಳು. ಅಣ್ಣನು ಹಸ್ತಪ್ರತಿಯನ್ನು ಸುಟ್ಟುಬಿಡಬೇಕೆಂದನು. ಅದು ಸುಡಲ್ಪಡಲಿಲ್ಲ, ಆದರೆ ಅರ್ಧ ಶತಮಾನಕ್ಕೂ ಮಿಕ್ಕು ಕಾದ ಬಳಿಕವೇ ಅಚ್ಚಾಯಿತು. ಅಷ್ಟರಲ್ಲಿ ಅವರ ವಿಷಯವಾಗಿ ಇತರರು ಬರೆದ ಚರಿತ್ರೆಗಳು ಬಂದಾಗಿದ್ದವು.

ಡಿಲನ್ನರ ಬಾಳಿನಲ್ಲಿ ಪೂರ್ವಪಕ್ಷದ ಎರಡು ತುದಿಗಳೂ ಕಾಣುತ್ತವೆ. ಅವರ ಒಪ್ಪಿಗೆಯಿಲ್ಲದೆ ಹೊರಬಿದ್ದ ನಿಜವು ಅವರನ್ನು ಅಟ್ಟಿತು. ಅವರೇ ಬರೆದ ನಿಜವನ್ನು ಬಂಧುಗಳು ಮುಚ್ಚಬಯಸಿದರು. ಎರಡು ಕಡೆಯೂ ಆದ ಅನ್ಯಾಯ ಒಂದೇ: ಯಾರ ಬಾಳೋ ಅವರ ಕೈಯಿಂದ ಅದನ್ನು ಕಿತ್ತುಕೊಂಡುದು. ಇದರಿಂದ ನಮಗೊಂದು ಅಳತೆಗೋಲು ದೊರೆಯುತ್ತದೆ. ಬಯಲಿಗೆ ತರುವುದು ತನ್ನಷ್ಟಕ್ಕೆ ಪುಣ್ಯವಲ್ಲ, ಮುಚ್ಚುವುದು ತನ್ನಷ್ಟಕ್ಕೆ ಪಾಪವೂ ಅಲ್ಲ. ಇದರ ಕೀಲಿಕೈ ಯಾರಲ್ಲಿದೆಯೆಂದು ಮೊದಲು ಕೇಳಬೇಕು. ಬದುಕಿರುವವರ ವಿಷಯದಲ್ಲಿ ಅವರ ಮಾತಿಲ್ಲದೆ ತೆರೆಯುವುದು ಕನ್ನ. ತೀರಿಹೋದವರ ವಿಷಯದಲ್ಲಿ ತೆರೆಯಬೇಕಾಗಿ ಬಂದರೂ, ಅವರು ತಮ್ಮ ಬಾಳಿಗೆ ತಾವಿಟ್ಟ ಅರ್ಥವನ್ನು ಮೊದಲು ಹೇಳಿ, ನಮ್ಮ ಊಹೆಯನ್ನು ಊಹೆಯೆಂದೇ ಕರೆದು, ಕೊನೆಯಲ್ಲಿಡುವುದು ಮರ್ಯಾದೆ.

ನಮ್ಮ ಮಹಾಭಾರತದಲ್ಲಿಯೂ ಇಂಥದೊಂದು ಪ್ರಸಂಗ ಉಂಟು. ಶಿಖಂಡಿಯು ಹೆಣ್ಣಾಗಿ ಹುಟ್ಟಿ, ಗಂಡಾಗಿ ಬೆಳೆದು, ಸ್ಥೂಣಾಕರ್ಣನೆಂಬ ಯಕ್ಷನ ಕೃಪೆಯಿಂದ ಗಂಡಾದನಷ್ಟೆ. ಭೀಷ್ಮನಿಗೆ ಈ ವೃತ್ತಾಂತವೆಲ್ಲ ಹೇಗೆ ತಿಳಿಯಿತು? ದ್ರುಪದನ ಮನೆಯಲ್ಲಿ ತಾನಿರಿಸಿದ್ದ ಗೂಢಚಾರರ ಮೂಲಕವೆಂದು ಅವನೇ ದುರ್ಯೋಧನನಿಗೆ ಹೇಳುತ್ತಾನೆ. ಮುಂದಿನದನ್ನು ಎಲ್ಲರೂ ಬಲ್ಲರು. ಎದುರಿಗೆ ನಿಂತವನು ಮಹಾರಥನೇ ಆಗಿರಲಿ, ಅವನು ಹುಟ್ಟಿದಾಗ ಏನಾಗಿದ್ದನೆಂಬುದೇ ಭೀಷ್ಮನಿಗೆ ಕೊನೆಯ ಮಾತು. ಭೀಷ್ಮನ ವ್ರತವು ದೊಡ್ಡದು. ಅವನ ವಂಚನೆಯಿಲ್ಲದ ಮನಸ್ಸೂ ದೊಡ್ಡದು. ಆದರೆ ಇಷ್ಟು ದೊಡ್ಡ ಕಥೆಯಲ್ಲಿ ಶಿಖಂಡಿಯ ಬಾಳನ್ನು ನಮಗೆ ಹೇಳುವವನು ಭೀಷ್ಮ. ಶಿಖಂಡಿಯೇ ಕುಳಿತು ತನ್ನ ಕಥೆಯನ್ನು ಹೇಳುವ ಒಂದು ಅಧ್ಯಾಯ ನಮ್ಮ ಮನಸ್ಸಿನಲ್ಲಿ ಉಳಿದಿಲ್ಲ. ಗೂಢಚಾರರು ತಂದ ಸುದ್ದಿಯನ್ನೇ ನಾವು ಚರಿತ್ರೆಯೆಂದು ಕೇಳುತ್ತ ಬಂದಿದ್ದೇವೆ.

ಕವಿಗಳ ಕಾಲ ಹೋಗಿ ಸರ್ಕಾರಗಳ ಕಾಲ ಬಂದಾಗ ಗೂಢಚಾರರ ಕೆಲಸವನ್ನು ದಫ್ತರಗಳು ವಹಿಸಿಕೊಂಡವು. 1871ರಲ್ಲಿ ಬ್ರಿಟಿಷ್ ಸರ್ಕಾರವು ‘ಅಪರಾಧಿ ಬುಡಕಟ್ಟು’ಗಳ ಹೆಸರಿನಲ್ಲಿ ಮಾಡಿದ ಕಾಯಿದೆಯ ಎರಡನೆಯ ಭಾಗವು ಹಿಜಡಾ ಜನರನ್ನು ಕುರಿತುದು. ಸಂಶಯಕ್ಕೊಳಗಾದವರ ಹೆಸರು, ವಾಸಸ್ಥಳಗಳನ್ನು ದಾಖಲೆಪುಸ್ತಕದಲ್ಲಿ ಬರೆಯಬೇಕು. ಹಾಗೆ ಬರೆಯಲ್ಪಟ್ಟವರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದು. ಅವರು ದತ್ತು ತೆಗೆದುಕೊಳ್ಳಕೂಡದು, ಉಯಿಲು ಬರೆಯಕೂಡದು. ಆ ಪುಸ್ತಕವೂ ಒಂದು ಬಗೆಯ ಜೀವಚರಿತ್ರೆಯೇ. ಪ್ರಥಮಪುರುಷದಲ್ಲಿ, ಪೊಲೀಸರ ಕೈಯಿಂದ ಬರೆದುದು. ಅದೆಲ್ಲ ಪರರಾಜ್ಯದ ಮಾತೆಂದು ನಾವು ಸಮಾಧಾನ ಪಡುವಂತಿಲ್ಲ. ನಮ್ಮ ಕರ್ನಾಟಕದ ಪೊಲೀಸ್ ಕಾಯಿದೆಗೆ 2011ರಲ್ಲಿ ಸೇರಿಸಿದ 36ಎ ಎಂಬ ಕಲಮಿನಲ್ಲಿಯೂ ಇಂಥದೇ ದಾಖಲೆಯ ಏರ್ಪಾಡಿದ್ದಿತು. ಪ್ರಶ್ನೆಯು ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಆ ಕಲಮನ್ನು ತಿದ್ದಲಾಯಿತು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು, ತಾನು ಯಾವ ಲಿಂಗದವನೆಂದು ಹೇಳಿಕೊಳ್ಳುವುದು ಆಯಾ ವ್ಯಕ್ತಿಗೇ ಸೇರಿದ ಹಕ್ಕೆಂದು ತೀರ್ಪಿತ್ತಿತು. ನಾನು ಇಲ್ಲಿ ಕಾನೂನನ್ನು ವಿಚಾರಿಸಲು ಹೊರಟಿಲ್ಲ. ಆ ತೀರ್ಪಿನ ಹಿಂದಿರುವ ನೀತಿ ಮಾತ್ರ ನಮ್ಮ ಪ್ರಶ್ನೆಗೆ ಸಂಬಂಧಿಸಿದುದು: ಉತ್ತಮಪುರುಷಕ್ಕೆ ಪ್ರಥಮಪುರುಷಕ್ಕಿಂತ ಮೊದಲ ಆಸನ.

ಇಂಥ ದಾಖಲೆಗಳ ನೆರಳಿನಲ್ಲಿಟ್ಟು ನೋಡಿದಾಗ, ಈ ಇಪ್ಪತ್ತು ವರ್ಷಗಳಲ್ಲಿ ದಕ್ಷಿಣದೇಶದಲ್ಲಿ ಬಂದ ಆತ್ಮಕಥೆಗಳ ಬೆಲೆ ತಿಳಿಯುತ್ತದೆ. ತಮಿಳುನಾಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬಹುಕಾಲ ದುಡಿದ ಎ. ರೇವತಿಯವರ ಆತ್ಮಕಥೆ 2010ರಲ್ಲಿ ಇಂಗ್ಲಿಷಿನಲ್ಲಿ ಮೊದಲು ಪ್ರಕಟವಾಯಿತು. ದು. ಸರಸ್ವತಿಯವರ ಕೈಯಲ್ಲಿ ಅದು ‘ಬದುಕು ಬಯಲು’ ಎಂಬ ಹೆಸರಿನಿಂದ ಕನ್ನಡವಾಗಿ, ರಂಗದ ಮೇಲೂ ಬಂದಿತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆಯು ‘ನಾನು ಅವನಲ್ಲ ಅವಳು’ ಎಂಬ ಕನ್ನಡ ಚಲನಚಿತ್ರಕ್ಕೆ ಮೂಲವಾಯಿತು. ಮಂಜಮ್ಮನವರು ಬಳ್ಳಾರಿಯ ಹತ್ತಿರದ ಕಲ್ಲುಕಂಬದವರು. ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿಯಾದರು. ಕಾಳವ್ವ ಜೋಗತಿಯವರ ತಂಡದಲ್ಲಿ ಕಲಿತು, ಆ ನೃತ್ಯವನ್ನು ನಾಡಿನ ವೇದಿಕೆಗಳಿಗೆ ತಂದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಿರುದು ಬಂದಿತು. ಅವರ ಬಾಳಕಥೆಯನ್ನು ಅವರ ಬಾಯಿಂದ ಕೇಳಿ ನಿರೂಪಿಸಿದವರು ಅರುಣ್ ಜೋಳದಕೂಡ್ಲಿಗಿಯವರು.

ಇಲ್ಲಿ ಹೊಸದೊಂದು ಸೂಕ್ಷ್ಮ ಹುಟ್ಟುತ್ತದೆ. ಇಂಥ ಹಲವು ಗ್ರಂಥಗಳಲ್ಲಿ ಹೇಳಿದವರು ಒಬ್ಬರು, ಬರೆದವರು ಇನ್ನೊಬ್ಬರು. ಕೆಲವು ವೇಳೆ ನಡುವೆ ಅನುವಾದಕರೂ ಉಂಟು. ‘ನಾನು’ ಎಂಬ ಮಾತು ಪುಟದ ಮೇಲೆ ಬಂದ ಮಾತ್ರಕ್ಕೆ ಅದು ಉತ್ತಮಪುರುಷವಾಯಿತೆಂದು ನಂಬಬಹುದೇ? ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು, ಯಾವ ಮಾತನ್ನು ಊರಿನ ಮಾತಿನಲ್ಲಿಯೇ ಇಡುವುದು ಎಂಬುದೆಲ್ಲ ಬರೆಯುವವರ ಕೈಯಲ್ಲಿದೆಯಲ್ಲವೆ? ಇದೆ. ಆದುದರಿಂದಲೇ ಬರೆದುಕೊಂಡುದನ್ನು ಹೇಳಿದವರ ಮುಂದೆ ಓದಿ, ಅವರು ‘ಹೌದು, ಇದು ನನ್ನ ಕಥೆ’ ಎಂದ ಮೇಲೆ ಅಚ್ಚಿಗೆ ಕೊಡಬೇಕು. ನಾನು ಅಚ್ಚಾದ ಮೇಲೆ ಓದಿಸಿದೆನು. ಕ್ರಮವು ತಲೆಕೆಳಗಾಗಿದ್ದಿತು.

ಓದುವ ನಮಗೂ ಇಲ್ಲಿ ಒಂದು ಧರ್ಮವುಂಟು. ಇಂಥ ಪುಸ್ತಕವನ್ನು ಕೈಗೆತ್ತಿಕೊಂಡಾಗ ನಮ್ಮಲ್ಲಿ ಬಹುಮಂದಿಯ ಬೆರಳು ಎರಡು ಪ್ರಕರಣಗಳನ್ನು ಹುಡುಕುತ್ತದೆ: ದೇಹದ ಪ್ರಕರಣ, ದುಃಖದ ಪ್ರಕರಣ. ನಾನೂ ಹೀಗೆ ಹುಡುಕಿದವನೇ. ಮಿಕ್ಕ ಪುಟಗಳಲ್ಲಿರುವ ಕಸುಬು, ಹಾಡು, ಗುರುವಿನ ಮುನಿಸು, ಹಸಿವು, ನಗೆ, ಇವೆಲ್ಲ ನಮಗೆ ದಾರಿಯ ಮೇಲಣ ಊರುಗಳಂತೆ ದಾಟಿಹೋಗುತ್ತವೆ. 1953ರಲ್ಲಿ ಎವರೆಸ್ಟ್ ಏರಿದ ಸುದ್ದಿಯನ್ನು ಲೋಕಕ್ಕೆ ಮುಟ್ಟಿಸಿದ ಪತ್ರಕರ್ತರಾದ ಜಾನ್ ಮೊರಿಸ್ ಅವರು ಗಂಡಿನಿಂದ ಹೆಣ್ಣಾದ ತಮ್ಮ ಬಾಳನ್ನು 1974ರಲ್ಲಿ ಬರೆದರು. ಆದರೆ ಬ್ರಿಟಿಷ್ ಸಾಮ್ರಾಜ್ಯದ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ, 1968ರಲ್ಲಿ ಮೊದಲನೆಯದನ್ನೂ 1978ರಲ್ಲಿ ಕೊನೆಯದನ್ನೂ ಹೊರತಂದವರು ಅವರೇ. ಅವರ ಬಾಳಿನ ಆ ಬದಲಾವಣೆಯ ನಡುವೆಯೇ ಆ ದೊಡ್ಡ ಗ್ರಂಥವು ಬೆಳೆಯಿತು. ಬದಲಾವಣೆಯನ್ನು ಮಾತ್ರ ಓದಿ ಗ್ರಂಥವನ್ನು ಮರೆತರೆ, ಬ್ಯಾರಿಯವರ ಶವದೆದುರು ನಿಂತ ಕೆಲಸದ ಹೆಂಗಸಿಗೂ ನಮಗೂ ಏನು ಭೇದ? ಮಂಜಮ್ಮನವರ ಪುಸ್ತಕವನ್ನು ಜೋಗತಿ ನೃತ್ಯದ ಚರಿತ್ರೆಯೆಂದೂ ಓದಬೇಕು. ಹಾಗೆ ಓದಿದಾಗ ಮಾತ್ರ ಅದು ಪೂರ್ತಿಯಾಗುವುದು.

ಕೊನೆಯದಾಗಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ತನ್ನ ಕುರಿತಾದ ಸಾಕ್ಷಿಯಲ್ಲಿ ಮನುಷ್ಯನು ತಪ್ಪುವುದಿಲ್ಲವೆ? ತಪ್ಪುತ್ತಾನೆ. ಯಾವ ವರ್ಷ ಎಲ್ಲಿದ್ದೆ, ಯಾರೊಡನೆ ಜಗಳವಾಡಿದೆ, ಯಾರದು ತಪ್ಪು ಎಂಬ ವಿಷಯಗಳಲ್ಲಿ ಆತ್ಮಕಥೆಯನ್ನು ಬೇರೆ ಸಾಕ್ಷಿಗಳೊಡನೆ ಹೋಲಿಸಿ ನೋಡಲೇಬೇಕು; ಈ ಗ್ರಂಥಗಳಿಗೂ ಅದರಿಂದ ವಿನಾಯಿತಿ ಬೇಡ. ಆದರೆ ‘ನಾನು ಯಾರು’ ಎಂಬಲ್ಲಿ ಹೊರಗಿನ ಸಾಕ್ಷಿ ಎಷ್ಟು ದೂರ ಹೋಗಬಲ್ಲುದು? ನೋವಾಗುತ್ತಿದೆಯೆನ್ನುವವನಿಗೆ ನಾಡಿಯನ್ನು ನೋಡಿ ‘ನಿನಗೆ ನೋವಿಲ್ಲ’ ಎನ್ನುವ ವೈದ್ಯನನ್ನು ನಾವು ಒಪ್ಪುವೆವೆ? ಅಂಥ ಮಾತನ್ನು ಅಲ್ಲಗಳೆಯುವ ಭಾರ ಅಲ್ಲಗಳೆಯುವವನ ಮೇಲಿದೆ. ಅದರ ಮೇಲೆ, ಮನೆಯನ್ನು ಬಿಟ್ಟು, ಊರಿನ ಹಂಗಿಸುವಿಕೆಯನ್ನು ಸಹಿಸಿ, ಹೊಡೆತ ತಿಂದು, ಆದರೂ ಅದೇ ಮಾತನ್ನು ನಲವತ್ತು ವರ್ಷ ಬಾಳಿ ತೋರಿಸಿದವರ ಮಾತು ಬರಿಯ ಮಾತಲ್ಲ. ಅದು ಬೆಲೆ ತೆತ್ತ ಸಾಕ್ಷಿ. ಹೆಣ್ಣುಗಂಡೆಂಬ ಗುರುತುಗಳು ದೇಹದವು, ಒಳಗೆ ಸುಳಿಯುವ ಆತ್ಮಕ್ಕೆ ಅವು ಇಲ್ಲವೆಂಬ ಅರ್ಥದ ದಾಸಿಮಯ್ಯನ ವಚನವನ್ನು ನಾವೆಲ್ಲರೂ ಬಾಯಲ್ಲಿ ಬಲ್ಲೆವು. ಸಭೆಗಳಲ್ಲಿ ಅದನ್ನು ಹೇಳಿ ತಲೆದೂಗುವ ನಾವು, ಆ ಆತ್ಮವೇ ಎದುರು ಬಂದು ಮಾತಾಡಿದಾಗ ಜನನಪತ್ರವನ್ನು ಕೇಳುವುದು ಹೇಗೆ ಸರಿಯಾದೀತು?

ಹಿರಿಯರಿಗೆ ನಾನಿತ್ತ ಉತ್ತರ ಇಷ್ಟು: “ಬಾಲ್ಯದ ಕುರಿತು ಬರೆಯುವಾಗ, ‘ಊರವರು ಗಂಡುಮಗುವೆಂದು ತಿಳಿದು ಶಾಲೆಗೆ ಹಾಕಿದರು’ ಎಂದು ಬರೆಯಿರಿ. ತಿಳಿದವರು ಊರವರು, ಅದು ಸಂಗತಿ. ಹೋದವರು ಮಂಜಮ್ಮನವರು, ‘ಹೋದರು’ ಎನ್ನಿ, ಇಲ್ಲವೆ ಅವರೇ ಹೇಳುವಂತೆ ಹೇಳಿ.” ಅವರು ಸ್ವಲ್ಪ ಯೋಚಿಸಿ, ವ್ಯಾಕರಣದಲ್ಲಿ ದೋಷವಿಲ್ಲವೆಂದು ಒಪ್ಪಿದರು. ಬಳಿಕ ಮೆಲ್ಲಗೆ, “ಆದರೆ ನಿಮ್ಮ ಹಳೆಯ ಲೇಖನದ ಗತಿಯೇನು?” ಎಂದು ಕೇಳಿದರು.

ಆ ಸ್ಮರಣಸಂಚಿಕೆಯ ಎರಡು ಪ್ರತಿಗಳು ನಮ್ಮ ಸಂಘದ ಪುಸ್ತಕಭಂಡಾರದಲ್ಲಿವೆ. ಹಾಡುಗಾರ್ತಿಯು ತೀರಿಹೋಗಿ ಮೂರು ವರ್ಷಗಳಾದುವು. ತಿದ್ದಿದುದನ್ನು ಅವರ ಮುಂದೆ ಓದಿ ‘ಹೌದು’ ಎನ್ನಿಸಿಕೊಳ್ಳುವ ಅವಕಾಶ ನನಗಿನ್ನಿಲ್ಲ. ಆ ಪುಟಗಳನ್ನು ಹರಿದು ತೆಗೆಯಲೆಂದು ಒಮ್ಮೆ ಮನಸ್ಸಾಯಿತು. ಹರಿಯುವುದು ಡಿಲನ್ನರ ಅಣ್ಣನ ದಾರಿ. ನಾನು ಮಾಡಿದ ತಪ್ಪೂ ಒಂದು ಸಂಗತಿಯೇ, ಅದು ಉಳಿಯಬೇಕು. ಹಳೆಯ ಪುಸ್ತಕಗಳಲ್ಲಿ ಅಚ್ಚಿನ ತಪ್ಪುಗಳನ್ನು ತೋರಿಸಿ ಒಪ್ಪೋಲೆಯೊಂದನ್ನು ಅಂಟಿಸುತ್ತಿದ್ದರಲ್ಲವೆ? ಹಾಗೆಯೇ ಒಂದು ಚೀಟಿಯನ್ನು ಬರೆದು ಎರಡು ಪ್ರತಿಗಳಿಗೂ ಅಂಟಿಸಿದ್ದೇನೆ. ಅದರಲ್ಲಿ ಇರುವುದು ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದ ಹೆಸರು, ‘ಅವನು’ ಎಂದಿರುವಲ್ಲೆಲ್ಲ ‘ಅವರು’ ಎಂದು ಓದಿಕೊಳ್ಳಬೇಕೆಂಬ ಬಿನ್ನಹ, ಮತ್ತು ಲೇಖನವನ್ನು ಕೇಳಿ ಅವರು ಆಡಿದ ಆ ಒಂದು ಮಾತು.